ಅವಳು ತುಳಿಯದ ಪೈಪು

ಅಳಿಯ ನ್ಯಾಮತಿಯಲ್ಲಿ ಮನೆ ಕಟ್ಟಿಸುತ್ತಿದ್ದ. ಮೋಲ್ಡ್ ಹಾಕುವ ಹಿಂದಿನ ದಿನ, ಅಂದರೆ ಚಾವಣಿಗೆ ಕಾಂಕ್ರೀಟು ಸುರಿಯುವ ಹಿಂದಿನ ದಿನ, ನನ್ನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹಾರ್ಡ್‌ವೇರ್ ಅಂಗಡಿಗೆ ಕರೆದುಕೊಂಡು ಹೋದ.

"ಮಾವ, ಕರೆಂಟಿನ ಕೆಲಸ ವೈರ್‌ಮನ್ ನೋಡ್ಕೊಳ್ತಾನೆ. ಈ ಕ್ಯಾಮೆರಾ, ಇಂಟರ್‌ನೆಟ್ಟು ಇವುಗಳ ಕೇಬಲ್ ಮಾತ್ರ ಆಮೇಲೆ ನಾನೇ ಎಳೀತೀನಿ. ಅದಕ್ಕೆ ಯಾವ ಸಾಮಾನು ಬೇಕು, ನೀವೇ ಆರಿಸಿಕೊಡ್ರಿ" ಎಂದ.

ನಾನು ಚನ್ನಗಿರಿಯಲ್ಲಿ ವೈರ್‌ಮನ್ ಆಗಿದ್ದವನು. ಹೈಸ್ಕೂಲು ಮುಗಿಸಿ, ಮುಂದೆ ಓದಲು ಮನಸ್ಸಿಲ್ಲದೆ, ಒಬ್ಬ ಹಿರಿಯರ ಹಿಂದೆ ಏಣಿ ಹೊತ್ತು ಕೆಲಸ ಕಲಿತೆ. ಆಮೇಲೆ ನನ್ನದೇ ಚೀಲ, ನನ್ನದೇ ಏಣಿ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಅತ್ತ ಜಗಳೂರಿನವರೆಗೂ ಗೋಡೆಯೊಳಗೆ, ಚಾವಣಿಯೊಳಗೆ ವೈರು ಎಳೆದಿದ್ದೇನೆ. ಈಗ ಏಣಿ ಹತ್ತಲು ಮಂಡಿ ಒಪ್ಪುವುದಿಲ್ಲ. ಸಾಮಾನು ಆರಿಸಲು ಮಂಡಿ ಬೇಕಾಗಿಲ್ಲವಲ್ಲ, ಹೋದೆ.

ಅಂಗಡಿಯವನು ಮಾತುಗಾರ. ನಾನು ಕೇಳಿದ್ದನ್ನೆಲ್ಲ ಮೇಜಿನ ಮೇಲೆ ಹರಡುತ್ತ, "ಏನ್ ಯಜಮಾನ್ರೇ, ಮದುವೇಲಿ ಅಳಿಯಂದ್ರಿಗೆ ಸೂಟು ಕೊಡಿಸಿದ್ರಿ, ಈಗ ಸ್ಪ್ರಿಂಗು ಕೊಡಸ್ತೀರಾ?" ಎಂದು ನಕ್ಕ.

"ಸೂಟು ಆಗಲೇ ಬಿಗಿ ಆಗೈತೆ ಬಿಡ್ರಿ. ಸ್ಪ್ರಿಂಗು ಬಾಳಿಕೆ ಬರ್ತೈತೆ" ಎಂದು ಅಳಿಯನೂ ಹೊಟ್ಟೆ ಸವರಿಕೊಂಡ.

ನಾನು ಒಂದೊಂದನ್ನೇ ಎತ್ತಿ ತೋರಿಸಿದೆ. ಇದು ಸ್ಟೀಲಿನ ತಂತಿ. ಉದ್ದನೆಯ ಪೈಪಿನಲ್ಲಿ ಬಾಣದ ಹಾಗೆ ಹೋಗುತ್ತದೆ, ಬೆಂಡು, ಅಂದರೆ ತಿರುವು, ಬಂದರೂ ತಿವಿದುಕೊಂಡು ದಾಟುತ್ತದೆ. ಆದರೆ ಕರೆಂಟಿರುವ ವೈರಿಗೆ ತಾಗಿದರೆ ಹಿಡಿದವನ ಕಥೆ ಮುಗಿಯಿತು, ಹೊಸಬರ ಕೈಗೆ ಇದು ಬೇಡ. ಇದು ನೈಲಾನಿನದು, ನಾವು ಸ್ಪ್ರಿಂಗು ಅನ್ನುವುದು. ತುದಿಯಲ್ಲಿ ಹಿತ್ತಾಳೆಯ ಗುಂಡು ತಲೆ ಇರುತ್ತದೆ, ಅದು ಬೆಂಡಿನಲ್ಲಿ ತಾನಾಗಿ ತಿರುಗಿಕೊಳ್ಳುತ್ತದೆ. ಮನೆ ಕೆಲಸಕ್ಕೆ ಇದು ಸಾಕು. ಎರಡು ಮೂರು ಬೆಂಡು ದಾಟಿದ ಮೇಲೆ ಬಳುಕಿ ನಿಲ್ಲುತ್ತದೆ, ಆಗ ತುದಿಗೆ ಸ್ವಲ್ಪ ಸೋಪು ಸವರಬೇಕು. ಈ ಉದ್ದ ಕಡ್ಡಿಗಳು ಫೈಬರಿನವು, ಒಂದಕ್ಕೊಂದು ತಿರುಪಿ ಕೂಡಿಸಬಹುದು. ಪಿಒಪಿ ಹಲಗೆಯ ಮೇಲೆ, ಪೊಳ್ಳು ಚಾವಣಿಯೊಳಗೆ ಈ ತುದಿಯಿಂದ ಆ ತುದಿಗೆ ಕೇಬಲ್ ನೂಕಲು ಇವೇ ಸರಿ. ಪೈಪಿನೊಳಗೆ ಇವು ಹೋಗುವುದಿಲ್ಲ. ಇಟ್ಟಿಗೆ ಗೋಡೆ ತೂತು ಮಾಡಲು ಡ್ರಿಲ್ಲಿನ ಉದ್ದನೆಯ ಬಿಟ್ಟು ತಗೋ, ಹೊರಗಡೆಯಿಂದ ಒಳಕ್ಕೆ ಸ್ವಲ್ಪ ಏರಾಗಿ ಕೊರೆ. ಇಲ್ಲದಿದ್ದರೆ ಮಳೆನೀರು ಕೇಬಲ್ ಹಿಡಿದುಕೊಂಡು ನಿಮ್ಮ ಮಂಚಕ್ಕೇ ಬರುತ್ತದೆ.

ಅಳಿಯ ಎಲ್ಲ ಕೇಳಿಸಿಕೊಂಡು, ಕೊನೆಗೆ ಕೇಳಿದ.

"ಪೈಪೇ ಕಟ್ಟಿಕೊಂಡಿದ್ರೆ ಮಾವ? ಒಳಗೆ ಸಿಮೆಂಟು ಹೋಗಿ ಗಟ್ಟಿಯಾಗಿದ್ರೆ ಯಾವ ಸಾಮಾನು?"

"ಅದಕ್ಕೆ ಸಾಮಾನಿಲ್ಲಪ್ಪ" ಎಂದೆ.

ಈ ಮಾತು ನನಗೆ ಕಸುಬು ಕಲಿತ ಹೊಸದರಲ್ಲೇ ಗೊತ್ತಿತ್ತು. ಅಳಿಯ ಕೇಳಿದ ಕೂಡಲೇ ಸರಾಗವಾಗಿ ಹೇಳಿಬಿಟ್ಟೆ. ನನ್ನ ಹೆಂಡತಿ ಇದೇ ಪ್ರಶ್ನೆಯನ್ನು ಎಷ್ಟೋ ವರ್ಷ ಕೇಳಿದ್ದಳು. ಅವಳಿಗೆ ಒಂದು ಸಲವೂ ಹೇಳಿರಲಿಲ್ಲ.

ಚನ್ನಗಿರಿಯಲ್ಲಿ ನಮ್ಮ ಮನೆ ಕಟ್ಟಿದಾಗ ಮಗಳು ಆಗಷ್ಟೇ ಸ್ಕೂಲಿಗೆ ಸೇರಿದ್ದಳು. ಸಣ್ಣ ಮನೆ. ಒಂದು ಹಾಲು, ಅಡುಗೆಮನೆ, ಒಂದು ಕೋಣೆ, ಹಿಂದೆ ಇನ್ನೊಂದು ಚಿಕ್ಕ ಕೋಣೆ. ಆ ಹಿಂದಿನ ಕೋಣೆ ಅವಳು ಕೇಳಿ ಕಟ್ಟಿಸಿಕೊಂಡದ್ದು. ಅವಳು ಹೊಲಿಗೆಯವಳು. ಬೀದಿಯ ಹೆಂಗಸರ ರವಿಕೆಗಳೆಲ್ಲ ಅವಳ ಕೈಯಲ್ಲೇ ಆಗುತ್ತಿದ್ದವು. "ಮಷೀನಿನ ನೆತ್ತಿ ಮೇಲೆ ಒಂದು ಲೈಟು ಬಿಡ್ರಿ, ಇನ್ನೇನೂ ಬೇಡ ನಂಗೆ" ಎಂದಿದ್ದಳು. ಇಡೀ ಮನೆಯಲ್ಲಿ ಅವಳು ಕೇಳಿದ್ದು ಅದೊಂದೇ.

ಆಗೆಲ್ಲ ಊರಿನಲ್ಲಿ ಕನ್ಸೀಲ್ಡ್ ವೈರಿಂಗ್ ಎಂದರೆ ದೊಡ್ಡ ಮಾತು. ಗೋಡೆಯ ಮೇಲೆ ಪಟ್ಟಿ ಹೊಡೆದು ವೈರು ಓಡಿಸುವುದು ಹಳೆಯ ಪದ್ಧತಿ, ವೈರೇ ಕಾಣದ ಹಾಗೆ ಒಳಗೇ ಪೈಪು ಹಾಕುವುದು ಹೊಸದು. ಕಂಬಿ ಕಟ್ಟಿದ ಮೇಲೆ, ಕಾಂಕ್ರೀಟು ಬೀಳುವ ಮೊದಲು, ನಾವು ಚಾವಣಿಯ ಪೈಪು ಹಾಸುತ್ತೇವೆ. ಬಲ್ಬು, ಫ್ಯಾನು ಬರುವ ಜಾಗದಲ್ಲಿ ಒಂದು ಡಬ್ಬಿ, ಆ ಡಬ್ಬಿಗೆ ಪೈಪಿನ ಬಾಯಿ. ಆ ಬಾಯಿಗೆ ಕಾಗದ ತುರುಕಿ ಬಿಗಿಯಾಗಿ ಮುಚ್ಚಬೇಕು. ಇಲ್ಲದಿದ್ದರೆ ಸಿಮೆಂಟಿನ ಹಾಲು ಒಳಗೆ ಇಳಿದು ಕಲ್ಲಾಗುತ್ತದೆ. ಇದು ಕಸುಬಿನ ಮೊದಲ ಪಾಠ.

ನಮ್ಮ ಮನೆಯ ಪೈಪನ್ನು ನಾನು ಹಿಂದಿನ ಸಂಜೆ ಹಾಸಿದೆ. ಎಲ್ಲ ಬಾಯಿಗೂ ಕಾಗದ ತುರುಕಿದೆ, ಹಿಂದಿನ ಕೋಣೆಯದು ಒಂದು ಉಳಿಯಿತು. ಬೆಳಕು ಹೋಗಿತ್ತು, ಬೆಳಿಗ್ಗೆ ಮುಚ್ಚಿದರಾಯಿತು ಎಂದು ಇಳಿದುಬಂದೆ.

ಬೆಳಿಗ್ಗೆ ನಾನು ಬಿಳಿ ಅಂಗಿ ತೊಟ್ಟು, ಬಿಳಿ ಪಂಚೆ ಉಟ್ಟಿದ್ದೆ. ಬೇರೆಯವರ ಮೋಲ್ಡಿಗೆ ಎಷ್ಟು ಸಲ ಹೋಗಿದ್ದೆನೋ, ಎಲ್ಲ ಕಡೆಯೂ ನಾನು ಮಸಿಯಾದ ಪ್ಯಾಂಟು ಹಾಕಿಕೊಂಡು ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂರುವವನು. ಅವತ್ತು ನಾನು ಮನೆಯ ಯಜಮಾನ. ಬಸವಾಪಟ್ಟಣದಿಂದ ಅಕ್ಕ ಬಂದಿದ್ದಳು, ಹೊನ್ನಾಳಿಯಿಂದ ಚಿಗವ್ವ, ಅಂದರೆ ನನ್ನ ಅವ್ವನ ತಂಗಿ. ಬೀದಿಯವರೂ ಇದ್ದರು. ನಾನು ಕೈ ಹಿಂದೆ ಕಟ್ಟಿಕೊಂಡು ಕಂಬಿಗಳ ಮೇಲೆ ಓಡಾಡಿದೆ.

ನಮ್ಮ ಕಡೆ ಕಾಂಕ್ರೀಟು ಸುರಿಯುವ ಮುಂಚೆ ಮನೆಯ ಹೆಂಗಸು ಮೇಲೆ ಹತ್ತಿ, ಮೂಲೆಯಲ್ಲಿ ಅರಿಶಿನ ಕುಂಕುಮ ಇಟ್ಟು, ಕಾಯಿ ಒಡೆಸಿ, ಮೊದಲ ಬಾಂಡ್ಲಿ ಕಾಂಕ್ರೀಟನ್ನು ತನ್ನ ಕೈಯಿಂದ ಹಾಕುತ್ತಾಳೆ. ನನ್ನ ಹೆಂಡತಿ ಹಸಿರು ಸೀರೆ ಉಟ್ಟು ಹತ್ತಿದಳು. ಪೂಜೆಯ ಮೂಲೆ ಹಿಂದಿನ ಕೋಣೆಯ ಮೇಲೇ ಬಂದಿತ್ತು. ಅವಳು ಬಗ್ಗಿ ಊದುಬತ್ತಿ ಹಚ್ಚುವಾಗ, ಅವಳ ಪಕ್ಕದಲ್ಲೇ ಆ ಪೈಪಿನ ಬಾಯಿ ತೆರೆದುಕೊಂಡಿರುವುದು ನನಗೆ ಕಂಡಿತು. ಕಂಡಿತು ಎಂದು ಇಲ್ಲಿ ಒತ್ತಿ ಬರೆಯುತ್ತಿದ್ದೇನೆ. ಮರೆತೆ ಎಂದು ಬರೆದರೆ ಇನ್ನೊಂದು ಸುಳ್ಳಾಗುತ್ತದೆ. ಬಿಳಿ ಪಂಚೆಯಲ್ಲಿ ಎಲ್ಲರ ಮುಂದೆ ಕುಕ್ಕರಗಾಲಲ್ಲಿ ಕೂತು ಪೈಪಿಗೆ ಕಾಗದ ತುರುಕಲು ನನಗೆ ನಾಚಿಕೆಯಾಯಿತು. ಒಂದಿಷ್ಟು ಹೋದರೂ ಆಮೇಲೆ ಕೆರೆದು ತೆಗೆದರಾಯಿತು ಎಂದುಕೊಂಡೆ. ಅವಳು ಮೊದಲ ಬಾಂಡ್ಲಿ ಹಾಕಿದಳು. ಜನ ಚಪ್ಪಾಳೆ ತಟ್ಟಿದರು. ಮಿಕ್ಸರ್ ಶುರುವಾಯಿತು.

ಕಾಂಕ್ರೀಟು ಗಟ್ಟಿಯಾಗಿ, ಕೆಳಗೆ ಆನಿಸಿದ್ದ ಸೆಂಟ್ರಿಂಗ್ ಹಲಗೆ ಬಿಚ್ಚಿದ ಮೇಲೆ ಒಬ್ಬನೇ ಹೋಗಿ ಆ ಡಬ್ಬಿ ಕೆರೆದೆ. ಪೈಪಿನ ಬಾಯಿಗೆ ಸಿಮೆಂಟು ಹಲ್ಲು ಕಟ್ಟಿದ ಹಾಗೆ ಕೂತಿತ್ತು. ಉಳಿಯ ತುದಿಯಿಂದ ತಟ್ಟಿದರೆ ಕಲ್ಲಿನ ಸದ್ದು. ಯಾರಿಗೂ ಹೇಳಲಿಲ್ಲ.

ಪ್ಲಾಸ್ಟರ್ ಆಗಿ, ಸುಣ್ಣ ಬಣ್ಣ ಆಗಿ, ವೈರು ಎಳೆಯುವ ದಿನ ಬಂತು. ಅವತ್ತೂ ಅಕ್ಕ, ಚಿಗವ್ವ ಇದ್ದರು, ಗೃಹಪ್ರವೇಶ ಹತ್ತಿರವಿತ್ತು. ಹಾಲಿನಲ್ಲಿ ಎಳೆದೆ, ಅಡುಗೆಮನೆಯಲ್ಲಿ ಎಳೆದೆ, ಹಿಂದಿನ ಕೋಣೆಗೆ ಬಂದೆ. ಸ್ಟೀಲಿನ ತಂತಿ ಹೋಗಿ ಠಕ್ ಎಂದು ನಿಂತಿತು. ಮತ್ತೆ ತಿವಿದೆ, ಮತ್ತೆ ಠಕ್. ನನ್ನ ಅವ್ವ ಕೆಳಗೆ ಚಾಪೆಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತ ಕೂತಿದ್ದಳು. ಅವಳ ಬಾಯಿ ಹರಿತ.

"ಯಾಕೋ, ಊರಿಗೆಲ್ಲ ದೀಪ ಹಚ್ಚೋನೇ. ನಿನ್ನ ಮನೆಯಾಗೇ ಸಿಗಾಕ್ಕಂಡ್ಯಾ?"

ಅಕ್ಕ ಕಿಸಕ್ಕನೆ ನಕ್ಕಳು. ಚಿಗವ್ವನೂ ಅವ್ವನೂ ನಕ್ಕರು. ಏಣಿಯ ಮೇಲೆ ನಿಂತಿದ್ದ ನನಗೆ ಕಿವಿಯೆಲ್ಲ ಬಿಸಿಯಾಯಿತು.

"ನಾನೇನು ಮಾಡ್ಲಿ? ಪೂಜೆ ಮಾಡಾಕೆ ಹೋದಾಗ ಇವಳು ಪೈಪು ತುಳಿದಿದ್ದಾಳೆ. ಜಾಯಿಂಟು ಬಿಟ್ಟೈತೆ, ಸಿಮೆಂಟು ಹೊಕ್ಕೈತೆ" ಎಂದೆ.

ಯೋಚಿಸಿ ಹೇಳಿದ ಮಾತಲ್ಲ. ಆದರೆ ಹೇಳಿದ ಮೇಲೆ ವಾಪಸು ತೆಗೆದುಕೊಳ್ಳಲು ಸಮಯವಿತ್ತು. ಅವ್ವನ ನಗು ನಿಂತಿತು. ಎಲ್ಲರೂ ನನ್ನ ಹೆಂಡತಿಯ ಕಡೆ ತಿರುಗಿದರು. ಅವಳು ನನ್ನನ್ನು ನೋಡಲಿಲ್ಲ, ಅವ್ವನನ್ನೂ ನೋಡಲಿಲ್ಲ. ಸೀರೆಯ ನೆರಿಗೆಯನ್ನು ಸ್ವಲ್ಪ ಎತ್ತಿ ತನ್ನ ಬಲಗಾಲನ್ನು ನೋಡಿಕೊಂಡಳು.

"ಕಾಲು ನೋಡ್ಕಂಡು ಇಡಬಾರದೇನೇ? ಮನೆ ನೆತ್ತಿ ತುಳಿದು ಬಂದ್ಯಾ?" ಎಂದಳು ಅವ್ವ.

"ಗೊತ್ತಾಗ್ಲಿಲ್ಲತ್ತೆ" ಎಂದಳು ಇವಳು.

ಅಲ್ಲಿಂದ ಶುರುವಾಯಿತು. ಅವ್ವ ಕೆಟ್ಟವಳಲ್ಲ. ಆದರೆ ಒಂದು ಮಾತು ಅವಳ ಬಾಯಿಗೆ ಸಿಕ್ಕರೆ ಎಲೆ ಅಡಿಕೆಯ ಹಾಗೆ ಅಗಿಯುತ್ತಲೇ ಇರುತ್ತಿದ್ದಳು. ಮನೆಗೆ ಬಂದವರಿಗೆಲ್ಲ ಹಿಂದಿನ ಕೋಣೆ ತೋರಿಸಿ, ಇಲ್ಲಿ ಯಾಕೆ ಲೈಟಿಲ್ಲ ಎಂದು ಹೇಳಿದಳು. ಮಾತು ಹರಡುತ್ತ ಹೋದ ಹಾಗೆ ಪೈಪು, ಜಾಯಿಂಟು ಎಲ್ಲ ಉದುರಿ, ಅವಳ ಕಾಲು ಸರಿಯಿಲ್ಲ ಎನ್ನುವುದಷ್ಟೇ ಉಳಿಯಿತು. ಮಗ್ಗುಲ ಮನೆಯವರ ಮೋಲ್ಡಿಗೆ ಮುತ್ತೈದೆಯರನ್ನು ಕರೆದಾಗ ನನ್ನ ಹೆಂಡತಿ ತಾನಾಗಿಯೇ, "ನಾನು ಕೆಳಗೇ ಇರ್ತೀನಿ ಕಣವ್ವ" ಎಂದಳು. ಯಾರೂ ಅವಳಿಗೆ ಬರಬೇಡ ಎನ್ನಲಿಲ್ಲ. ಮೇಲೆ ಹತ್ತು ಎಂದು ಒತ್ತಾಯವನ್ನೂ ಮಾಡಲಿಲ್ಲ. ಆಮೇಲೆ ಮದುವೆ ಮನೆಯಲ್ಲಿ ಆರತಿ ಎತ್ತುವಾಗಲೂ ಹಿಂದಿನ ಸಾಲಿಗೆ ಸರಿದಳು. ತೊಟ್ಟಿಲಿಗೆ ಹಾಕುವ ಕಡೆಯೂ ಹಾಗೇ.

ಹಿಂದಿನ ಕೋಣೆಗೆ ಹಾಲಿನಿಂದ ಒಂದು ಎಕ್ಸ್‌ಟೆನ್ಷನ್ ವೈರು ಎಳೆದು, ಕಿಟಕಿಯ ಸರಳಿಗೆ ಬಲ್ಬು ತೂಗುಹಾಕಿದೆ. ಅದು ಅವಳ ಬೆನ್ನ ಹಿಂದೆ ಬರುತ್ತಿತ್ತು. ಅವಳ ತಲೆಯ ನೆರಳೇ ಸೂಜಿಯ ಮೇಲೆ ಬೀಳುತ್ತಿತ್ತು. ನೆಂಟರು ಬಂದರೆ ಅದನ್ನೂ ಬಿಚ್ಚಿ ಸುತ್ತಿಡುತ್ತಿದ್ದೆ, ವೈರ್‌ಮನ್ ಮನೆಯಲ್ಲಿ ತೂಗಾಡುವ ವೈರು ಕಾಣಬಾರದು ಎಂದು.

ಒಂದು ಸಲ ಅವಳೇ ಹೇಳಿದಳು, "ಅಲ್ರೀ, ಪಟ್ಟಿ ಹೊಡೆದು ಗೋಡೆ ಮೇಲೇ ಎಳೀರಿ. ಹಿಂದಿನ ಕೋಣೆ, ಯಾರು ನೋಡ್ತಾರೆ?"

"ಜನ ಏನಂತಾರೆ? ನಾನು ಊರಿಗೆಲ್ಲ ಕನ್ಸೀಲ್ಡ್ ಮಾಡ್ತೀನಿ, ನನ್ನ ಮನೇಲಿ ಪಟ್ಟಿನಾ?"

"ಹಂಗಾರೆ ಗೋಡೆ ಕೊರೀರಿ."

"ಹೊಸ ಪ್ಲಾಸ್ಟರು ಕೊರೆದ್ರೆ ತೇಪೆ ಕಾಣ್ತೈತೆ. ಒಂದು ಸಾಮಾನು ಬಂದೈತಂತೆ, ಅದು ತಂದ್ರೆ ಪೈಪೇ ಬಿಡಿಸಬಹುದು. ತಡಿ."

ಆ 'ತಡಿ' ಎನ್ನುವ ಮಾತಿನ ಮೇಲೆ ನಾನು ವರ್ಷಗಳನ್ನು ಕಳೆದೆ. ಚಾವಣಿ ಕೊರೆದರೆ ಜಾಯಿಂಟು ಗಟ್ಟಿಯಾಗಿಯೇ ಇದೆ ಎಂದು ಕಂಡುಬಿಡುತ್ತದೆ ಎನ್ನುವ ಹೆದರಿಕೆಯೂ ಇತ್ತು. ಅದಕ್ಕೇ ಸಾಮಾನಿನ ನಾಟಕ ಹೂಡಿದೆ. ಮೊದಲು ನೈಲಾನಿನ ಸ್ಪ್ರಿಂಗು ತಂದೆ. ಆಮೇಲೆ ಹೆಚ್ಚು ದಪ್ಪದ್ದು. ಆಮೇಲೆ ಆಯಸ್ಕಾಂತದ ತುದಿಯದು. ಫೈಬರ್ ಕಡ್ಡಿ ಬಂದ ಹೊಸದರಲ್ಲಿ ಅದನ್ನೂ ತಂದೆ. ಎಲ್ಲವೂ ಬೇರೆಯವರ ಮನೆಗೆ ಉಪಯೋಗಕ್ಕೆ ಬಂದವು. ತಂದ ದಿನ ಮಾತ್ರ ಮೊದಲು ನಮ್ಮ ಹಿಂದಿನ ಕೋಣೆಯಲ್ಲಿ ಏಣಿ ಹಾಕುತ್ತಿದ್ದೆ. ಅವಳು ಕೆಳಗೆ ನಿಂತು ಟಾರ್ಚು ಎತ್ತಿ ಹಿಡಿಯುತ್ತಿದ್ದಳು. ಠಕ್ ಎನ್ನುವ ಸದ್ದು ಬರುತ್ತಲೇ ಅವಳ ಮುಖ ಸಣ್ಣದಾಗುತ್ತಿತ್ತು.

"ಈ ಸಲನೂ ಹೋಗ್ಲಿಲ್ಲೇನ್ರಿ?"

"ಇಲ್ಲ. ಬಿಗಿಯಾಗೈತೆ."

"ಹಾಳು ಕಾಲು ನಂದು" ಎನ್ನುತ್ತಿದ್ದಳು. ಟಾರ್ಚು ಆರಿಸಿ ಒಳಗೆ ಹೋಗಿ ನನಗೆ ಚಹ ತರುತ್ತಿದ್ದಳು. ಆ ಚಹವನ್ನು ಕುಡಿದಿದ್ದೇನೆ.

ಜಗಳೂರಿನ ಕಡೆ ಒಂದು ಹಳ್ಳಿಯಲ್ಲಿ ಒಮ್ಮೆ ಮಾಳಿಗೆ ಮನೆಯ ಕೆಲಸ ಸಿಕ್ಕಿತು. ಮಣ್ಣಿನ ದಪ್ಪ ಗೋಡೆ, ತೊಲೆ ಜಂತಿ, ಅದರ ಮೇಲೆ ಮಣ್ಣಿನ ಚಾವಣಿ. ಆ ಮನೆಯ ಮುದುಕಿಗೆ ದನ ಕಟ್ಟುವ ಕಡೆಗೆ ಒಂದು ಬಲ್ಬು ಬೇಕಿತ್ತು. ನನ್ನ ಚೀಲದ ಯಾವ ಸಾಮಾನೂ ಅಲ್ಲಿ ನಡೆಯಲಿಲ್ಲ. ಡ್ರಿಲ್ ಇಟ್ಟರೆ ಗೋಡೆ ಹಿಟ್ಟಿನ ಹಾಗೆ ಉದುರಿತು, ಸ್ಪ್ರಿಂಗು ಜಂತಿಯ ಸಂದಿಯಲ್ಲಿ ದಾರಿ ತಪ್ಪಿತು. ಮುದುಕಿ ಅಟ್ಟದಿಂದ ಒಂದು ಉದ್ದನೆಯ ಬಿದಿರ ದಬ್ಬೆ ಎಳೆದುಕೊಟ್ಟಳು. ಅದರ ತುದಿಗೆ ವೈರು ಕಟ್ಟಿ, ತೊಲೆಯ ಪಕ್ಕದ ಸಂದಿಯಲ್ಲಿ ನೂಕಿ, ಉಳಿದದ್ದನ್ನು ಜಂತಿಯ ಮೇಲೆ ಕಾಣುವ ಹಾಗೇ ಮೊಳೆ ಕೊಟ್ಟು ಹಿಡಿಸಿದೆ. ನಾನು ಕಟ್ಟಿದ್ದರಲ್ಲಿ ಅದಕ್ಕಿಂತ ಒರಟಾದ ವೈರಿಂಗ್ ಇಲ್ಲ. ಸ್ವಿಚ್ಚು ಹಾಕಿದಾಗ ಎಮ್ಮೆಗಳು ತಲೆ ಎತ್ತಿ ಬೆಳಕು ನೋಡಿದವು.

"ಚಂದ ಕಾಣ್ತಿಲ್ಲ ಅಜ್ಜಿ, ವೈರು ಹೊರಗೈತೆ" ಎಂದೆ.

"ನಾನೇನು ವೈರು ನೋಡ್ತೀನಾ? ಎಮ್ಮೆ ಕೆಚ್ಚಲು ನೋಡ್ತೀನಿ" ಎಂದಳು.

ಬಸ್ಸಿನಲ್ಲಿ ವಾಪಸು ಬರುವಾಗ ಆ ಮಾತು ದಾರಿಯುದ್ದಕ್ಕೂ ಮನಸ್ಸಿನಲ್ಲಿತ್ತು. ಮನೆಗೆ ಹೋದ ಕೂಡಲೇ ಪಟ್ಟಿ ಹೊಡೆದುಬಿಡುತ್ತೇನೆ ಎಂದುಕೊಂಡೆ. ಮನೆಯಲ್ಲಿ ಯಾರೋ ನೆಂಟರು ಕೂತಿದ್ದರು. ಹೊಡೆಯಲಿಲ್ಲ.

ಅವ್ವ ತೀರಿಕೊಂಡಳು. ಕೊನೆಯ ದಿನಗಳಲ್ಲಿ ಅವಳ ಮಲಮೂತ್ರ ಬಳಿದು, ಬಾಯಿಗೆ ಗಂಜಿ ಹಾಕಿದವಳು ನನ್ನ ಹೆಂಡತಿಯೇ. ಆಮೇಲೆ ಇವಳಿಗೆ ಸಕ್ಕರೆ ಕಾಯಿಲೆ ಕಾಣಿಸಿತು, ಅದು ಕಣ್ಣಿಗೆ ಇಳಿಯಿತು. ಸೂಜಿಗೆ ದಾರ ಪೋಣಿಸಲು ಮಗಳನ್ನು ಕರೆಯತೊಡಗಿದಳು, ಆಮೇಲೆ ಅಳತೆಯ ಟೇಪಿನ ಅಂಕಿ ಕಾಣದಾಯಿತು, ಆಮೇಲೆ ಮಷೀನಿಗೆ ಬಟ್ಟೆ ಮುಚ್ಚಿದಳು. ದಾವಣಗೆರೆಯ ಕಣ್ಣಿನ ಡಾಕ್ಟರನ್ನು ನಾನು ಹೊರಗೆ ಕರೆದು ಕೇಳಿದೆ, ಮಬ್ಬು ಬೆಳಕಿನಲ್ಲಿ ಹೊಲಿದದ್ದಕ್ಕೆ ಹೀಗಾಯಿತೇ ಎಂದು. "ಅದಕ್ಕೂ ಇದಕ್ಕೂ ಸಂಬಂಧ ಇಲ್ಲ, ಇದು ಶುಗರಿಂದ" ಎಂದರು. ಆ ಮಾತು ಕೇಳಿ ನನಗೆ ಹಗುರಾಗಬೇಕಿತ್ತು. ಆದರೆ ಕಣ್ಣು ಚೆನ್ನಾಗಿದ್ದ ಅಷ್ಟೂ ವರ್ಷ ಅವಳು ತನ್ನ ತಲೆಯ ನೆರಳಿನಲ್ಲೇ ಸೂಜಿ ಹುಡುಕಿದಳಲ್ಲ, ಅದಕ್ಕೆ ಶುಗರು ಕಾರಣವಲ್ಲ.

ದಾವಣಗೆರೆಯಿಂದ ಬಂದ ಮರುದಿನ ಪಟ್ಟಿ ತಂದು ಗೋಡೆಯ ಮೇಲೆ ಹೊಡೆದೆ. ಮಷೀನಿನ ನೆತ್ತಿಗೆ ಸರಿಯಾಗಿ ಒಂದು ಬಿಳಿ ಲೈಟು. ಅವಳು ಇಟ್ಟ ಅನ್ನ ಬೇಯುವಷ್ಟರಲ್ಲಿ ಕೆಲಸ ಮುಗಿಯಿತು. ಅವಳನ್ನು ಕರೆದು ಕೂರಿಸಿ ಸ್ವಿಚ್ಚು ಹಾಕಿದೆ. ಅವಳು ಮುಖ ಮೇಲೆತ್ತಿದಳು.

"ಬೆಳಕು ಬಿದ್ದಿದ್ದು ಗೊತ್ತಾಗ್ತೈತ್ರಿ" ಎಂದಳು. ಕೈಯಿಂದ ಮಷೀನಿನ ಹಲಗೆ ಸವರಿ, "ಬಟ್ಟೆ ಕಾಣಲ್ಲ" ಎಂದಳು.

ಆಗಲೂ ನಾನು ಹೇಳಲಿಲ್ಲ.

ನ್ಯಾಮತಿಯ ಅಂಗಡಿಯಿಂದ ಅಳಿಯನ ಬಾಡಿಗೆ ಮನೆಗೆ ವಾಪಸು ಬಂದಾಗ, ಪಡಸಾಲೆಯಲ್ಲಿ ಮಗಳು ಕಣ್ಣು ಒರೆಸಿಕೊಳ್ಳುತ್ತಿದ್ದಳು.

"ನೋಡಪ್ಪಾಜಿ, ಅವ್ವ ನಾಳೆ ಮೇಲೆ ಹತ್ತಲ್ಲವಂತೆ. ಮೊದಲ ಬಾಂಡ್ಲಿ ಅವ್ವನ ಕೈಲೇ ಹಾಕಿಸ್ಬೇಕು ಅಂತ ನಂಗೆ ಎಷ್ಟು ದಿನದಿಂದ ಆಸೆ!"

"ಕಣ್ಣು ಕಾಣಲ್ಲ ಅಂತೇನವ್ವ? ನಾನು ಕೈ ಹಿಡ್ಕೊಳ್ತೀನಲ್ಲ" ಎಂದು ಮತ್ತೆ ತಾಯಿಯ ಕಡೆ ತಿರುಗಿದಳು.

ಹೆಂಡತಿ ಮೊರ ಮುಂದಿಟ್ಟುಕೊಂಡು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ಕಣ್ಣಲ್ಲವ್ವ. ನನ್ನ ಕಾಲು ಬ್ಯಾಡ ನಿನ್ನ ಮನೆಗೆ. ನಿಮ್ಮತ್ತೆ ಹಾಕ್ಲಿ" ಎಂದಳು.

ಮಗಳು ಒಳಗೆ ಹೋದಳು. ಅಳಿಯ ಸಾಮಾನಿನ ಚೀಲ ಹಿಡಿದು ಕಟ್ಟಡದ ಕಡೆ ಹೋದ. ನಾವಿಬ್ಬರೇ ಉಳಿದೆವು. ನಾನು ಅವಳ ಎದುರು ನೆಲದ ಮೇಲೆ ಕೂತೆ. ಮಂಡಿ ಕಟಕ್ ಎಂದಿತು. ಆ ಸದ್ದಿಗೆ ಅವಳು ನನ್ನ ಕಡೆ ಮುಖ ಮಾಡಿದಳು.

"ನೀನು ಆ ಪೈಪು ತುಳಿದಿಲ್ಲ" ಎಂದೆ.

"ಯಾವ ಪೈಪು?"

"ನಮ್ಮನೇದು. ಹಿಂದಿನ ಕೋಣೇದು. ಅದರ ಬಾಯಿಗೆ ನಾನು ಕಾಗದ ತುರುಕಿರ್ಲಿಲ್ಲ. ತೆರೆದಿದ್ದು ನೋಡಿದ್ದೆ. ಬಿಳಿ ಪಂಚೆ ಉಟ್ಟಿದ್ನಲ್ಲ, ಬಗ್ಗಲಿಲ್ಲ. ಆಮೇಲೆ ಅವ್ವ ನಕ್ಕಳು ಅಂತ ನಿನ್ನ ಮೇಲೆ ಹಾಕ್ದೆ."

ಅವಳು ಕೈಯಲ್ಲಿದ್ದ ಎಸಳನ್ನು ಸುಲಿದು ಮೊರದ ಆ ಬದಿಗೆ ಹಾಕಿದಳು. ಇನ್ನೊಂದು ತೆಗೆದುಕೊಂಡಳು. ಅದನ್ನು ಸುಲಿಯಲಿಲ್ಲ.

"ನಿಮ್ಮವ್ವಗೆ ಗೊತ್ತಿತ್ತಾ?"

"ಇಲ್ಲ."

"ಆಯಮ್ಮ ಹೋಗೋ ಹೊತ್ತಿನಾಗೆ ನನ್ನ ಕೈ ಹಿಡ್ಕಂಡು ಏನಂದ್ಲು ಗೊತ್ತೇನ್ರಿ? ನನ್ನ ಚಂದ ನೋಡ್ಕಂಡೆ ತಾಯಿ, ಇನ್ಮ್ಯಾಲಾದ್ರೂ ಕಾಲು ನೋಡ್ಕಂಡು ಇಡು ಅಂದ್ಲು. ನೀವು ಅಲ್ಲೇ ಬಾಗಿಲ ಹತ್ರ ನಿಂತಿದ್ರಿ."

ನಿಂತಿದ್ದೆ. ನನಗೆ ನೆನಪಿದೆ.

"ಅಷ್ಟೆಲ್ಲ ಸಾಮಾನು ತಂದ್ರಲ್ಲ?" ಎಂದಳು.

"ಯಾವುದರಿಂದನೂ ಆಗ್ತಿರ್ಲಿಲ್ಲ. ನಂಗೆ ಗೊತ್ತಿತ್ತು."

"ನಾನು ಟಾರ್ಚು ಹಿಡೀತಿದ್ನಲ್ರೀ" ಎಂದಳು.

ಅತ್ತಿದ್ದರೆ, ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಅವಳು ಸೆರಗಿನಿಂದ ಕೈ ಒರೆಸಿಕೊಂಡಳು. ಆಮೇಲೆ ಹೇಳಿದಳು, "ಅವತ್ತು ಎಲ್ಲರ ಮುಂದೆ ಅಂದ್ರಿ. ಇವತ್ತು ನನ್ನ ಒಬ್ಬಾಕಿ ಕಿವಿಯಾಗೆ ಹೇಳ್ತೀರಾ? ನಾಳೆ ನಿಮ್ಮಕ್ಕ ಬರ್ತಾಳೆ. ಎಲ್ಲರ ಮುಂದೆ ಹೇಳ್ರಿ. ಆಗ ಹತ್ತುತೀನಿ."

ಮರುದಿನ ಬೆಳಿಗ್ಗೆ ನಾನು ಹಳೆಯ ಪ್ಯಾಂಟು ಹಾಕಿಕೊಂಡು ಎಲ್ಲರಿಗಿಂತ ಮುಂಚೆ ಮೇಲೆ ಹತ್ತಿದೆ. ಅಲ್ಲಿನ ವೈರ್‌ಮನ್ ಎಲ್ಲ ಬಾಯಿಗೂ ಅಚ್ಚುಕಟ್ಟಾಗಿ ಕಾಗದ ತುರುಕಿದ್ದ. ಆದರೂ ಒಂದೊಂದನ್ನೂ ಬೆರಳಿನಿಂದ ಒತ್ತಿ ನೋಡಿದೆ.

ಜನ ಬಂದರು. ಬಸವಾಪಟ್ಟಣದಿಂದ ಅಕ್ಕ ಬಂದು, ಆ ಕೊನೆಯಲ್ಲಿ ಛತ್ರಿ ಹಿಡಿದು ಬೀಗರ ಜೊತೆ ನಿಂತಳು. ಮಗಳು ತಾಯಿಯ ಕೈ ಹಿಡಿದು ಮೆಟ್ಟಿಲ ಮೇಲ್ತುದಿಗೆ ತಂದು ನಿಲ್ಲಿಸಿದಳು. ಹೆಂಡತಿ ಅಲ್ಲೇ ನಿಂತಳು, ಚಾವಣಿಯ ಮೇಲೆ ಕಾಲಿಡಲಿಲ್ಲ. ನಾನು ಹೇಳುವುದಕ್ಕೆ ಕಾಯುತ್ತಿದ್ದಳು. ಕೆಳಗೆ ಮಿಕ್ಸರಿನವನು ಇಂಜಿನಿಗೆ ಹಗ್ಗ ಸುತ್ತುತ್ತಿದ್ದುದು ನನಗೆ ಕಾಣುತ್ತಿತ್ತು. ಒಂದು ಸಲ ಎಳೆದ, ಹತ್ತಲಿಲ್ಲ. ಇನ್ನೊಮ್ಮೆ ಎಳೆದ. ಇಂಜಿನು ಹತ್ತಿಕೊಂಡಿತು. ಆಗ ನಾನು ಬಾಯಿ ತೆರೆದೆ.

"ನಮ್ಮನೆ ಮೋಲ್ಡಿನಾಗೆ ಇವಳು ಪೈಪು ತುಳಿದಿರ್ಲಿಲ್ಲ, ತಪ್ಪು ನಂದು" ಎಂದೆ.

ಹೇಳಿದ್ದು ನಿಜ. ಇಂಜಿನು ಹತ್ತುವುದನ್ನು ಕಾದೇ ಹೇಳಿದೆ ಎನ್ನುವುದೂ ನಿಜ. ಅಕ್ಕ ಛತ್ರಿಯ ಕೆಳಗೆ ಬೀಗಿತ್ತಿಯ ಜೊತೆ ನಗುತ್ತಲೇ ಇದ್ದಳು. ಹತ್ತಿರವಿದ್ದ ಹೆಂಡತಿಗೂ ಮಗಳಿಗೂ ಮಾತ್ರ ಕೇಳಿಸಿತು. ಮಗಳು ನನ್ನ ಮುಖ ನೋಡಿದಳು, ಆಮೇಲೆ ತಾಯಿಯ ಮುಖ ನೋಡಿದಳು, ಮತ್ತೆ ನನ್ನ ಕಡೆ ತಿರುಗಲಿಲ್ಲ.

ಹೆಂಡತಿ ಚಪ್ಪಲಿ ಬಿಟ್ಟಳು. ಮಗಳ ಕಿವಿಯಲ್ಲಿ ಏನೋ ಕೇಳಿದಳು. ಮಗಳು ಅವಳನ್ನು ನಿಧಾನವಾಗಿ ಕಂಬಿಗಳ ಮೇಲೆ ನಡೆಸಿ, ಒಂದು ಪೈಪಿನ ಹತ್ತಿರ ನಿಲ್ಲಿಸಿದಳು. ಹೆಂಡತಿ ಬಲಗಾಲಿನಿಂದ ತಡಕಿ ಪೈಪನ್ನು ಹುಡುಕಿದಳು. ಅದರ ಜಾಯಿಂಟಿನ ಮೇಲೇ ಪಾದ ಇಟ್ಟು, ಎಡಗಾಲನ್ನೂ ಎತ್ತಿ ಇಟ್ಟು, ಪೂರ್ತಿ ಭಾರ ಬಿಟ್ಟು ನಿಂತಳು.

"ಅಜ್ಜೀ, ಹುಷಾರು, ಪೈಪು!" ಎಂದು ವೈರ್‌ಮನ್ ಕೂಗಿದ.

"ಏನಾಗ್ತೈತಪ್ಪ?" ಎಂದಳು.

"ಏನಾಗಲ್ಲ. ನೀವು ಬೀಳ್ತೀರ ಅಂತ ಅಂದೆ."

ಅವಳು ಇಳಿಯಲಿಲ್ಲ. ಒಂದು ಸಲ ಕುಲುಕಿದಳು, ಇನ್ನೊಂದು ಸಲ ಕುಲುಕಿದಳು. ಪೈಪು ಬಳುಕಿತು, ಬಿಡಲಿಲ್ಲ. ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಬೀಗಿತ್ತಿ ಅದನ್ನು ಆನಂದದ ನೀರು ಎಂದುಕೊಂಡು ತಾನೂ ಕಣ್ಣು ಒರೆಸಿಕೊಂಡಳು. ಆಮೇಲೆ ಮಗಳು ಬಾಂಡ್ಲಿಯ ಒಂದು ಬದಿ ಹಿಡಿದಳು, ಇವಳು ಇನ್ನೊಂದು ಬದಿ ಹಿಡಿದು ಮೊದಲ ಕಾಂಕ್ರೀಟು ಸುರಿದಳು. ಇಳಿಯುವಾಗ ನಾನು ಕೈ ಕೊಟ್ಟೆ. ಕೈ ತಡಕಿ, ಯಾರದೆಂದು ಗೊತ್ತಾಗಿ, ಬಿಟ್ಟಳು. ಗೋಡೆ ಹಿಡಿದು ಇಳಿದಳು.

ಚನ್ನಗಿರಿಗೆ ಬಂದ ಮೇಲೆ ಹೇಳಿದಳು, "ಮಿಕ್ಸರಿಗೆ ಹೇಳಿದ್ರಿ ನೀವು. ನಿಮ್ಮಕ್ಕಗೆ ಕೇಳಲಿಲ್ಲ. ಬಸವಾಪಟ್ಟಣಕ್ಕೆ ಹೋಗಿ ಹೇಳಿ ಬರ್ರಿ."

ಹೋದೆ. ಅಕ್ಕ ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆಯನ್ನು ಕಾಲಿನಿಂದ ಹರಡುತ್ತಿದ್ದಳು. ನೀರು ಕುಡಿದು, ಎಲ್ಲವನ್ನೂ ಮೊದಲಿನಿಂದ ಹೇಳಿದೆ. ಅವಳು ಹುಬ್ಬು ಗಂಟಿಕ್ಕಿ ಕೇಳಿದಳು.

"ಯಾವ ಪೈಪೋ? ನಂಗೆ ನೆನಪಿಲ್ಲಪ್ಪ. ಅದೇನೋ ನಿನ್ನ ಹೆಂಡ್ತಿ ಕಾಲು ಸರಿಯಿಲ್ಲ ಅಂತ ಅವ್ವ ಅಂತಿದ್ಲು. ಅದು ಪೈಪಿಂದಾ?"

"ಪೈಪಿಂದಲೇ. ಅದು ನಾನು ಹೇಳಿದ ಸುಳ್ಳು."

"ಅಯ್ಯೋ, ನನ್ನ ಸೊಸೇರಿಗೂ ಹಂಗೇ ಹೇಳಿಟ್ಟೀನಲ್ಲೋ" ಎಂದು ಅಕ್ಕ ಅಡಿಕೆಯ ಮೇಲೇ ಕೂತುಬಿಟ್ಟಳು.

ಸಂಜೆಯ ಬಸ್ಸಿಗೆ ವಾಪಸು ಬಂದೆ. ಹೆಂಡತಿ ಹಿಂದಿನ ಕೋಣೆಯಲ್ಲಿ, ಮುಚ್ಚಿದ ಮಷೀನಿನ ಪಕ್ಕ ಕೂತಿದ್ದಳು. ಲೈಟು ಹಾಕಿಕೊಂಡಿರಲಿಲ್ಲ.

"ಹೇಳಿದ್ರಾ?"

"ಹೇಳಿದೆ."

"ಏನಂದ್ಲು?"

ಏನಾದರೂ ಚಂದ ಮಾಡಿ ಹೇಳಬಹುದಿತ್ತು. ಇದ್ದದ್ದು ಇದ್ದ ಹಾಗೇ ಹೇಳಿದೆ. ಪೈಪು ಮರೆತಿದ್ದಾಳೆ, ನಿನ್ನ ಕಾಲು ಮರೆತಿಲ್ಲ, ಸೊಸೆಯರಿಗೂ ಹೇಳಿದ್ದಾಳಂತೆ ಎಂದೆ.

ಅವಳು ಬೆರಳಿನಿಂದ ಮಷೀನಿನ ಚಕ್ರವನ್ನು ಸ್ವಲ್ಪ ತಿರುಗಿಸಿದಳು.

"ಅವತ್ತು ಇದ್ದೋರು ಇನ್ನು ಯಾರು ಅದಾರೆ?" ಎಂದಳು.

"ಚಿಗವ್ವ ಒಬ್ಬಳೇ. ಮಲಗಿದಲ್ಲೇ ಅದಾಳೆ, ಕಿವಿನೂ ಮಂದ."

"ಹಂಗಾರೆ ಗಟ್ಟಿಯಾಗಿ ಹೇಳ್ರಿ" ಎಂದಳು. "ನಾಳೆ ಹೊನ್ನಾಳಿ ಬಸ್ಸು ಎಷ್ಟೊತ್ತಿಗೆ ಐತೆ, ಕೇಳ್ಕಂಡು ಬರ್ರಿ."

ನಾನು ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೊರಟೆ.